ತೋಟದ ಹಾದಿಯ ಕಾರುಗಳು: ರ್ಯಾಲಿ ವರ್ಗಗಳ ಚರಿತ್ರೆ ಮತ್ತು ಕರ್ನಾಟಕ

ಮೋಟಾರು ಕ್ರೀಡೆಗಳಲ್ಲಿ ರ್ಯಾಲಿಯನ್ನು ಉಳಿದವುಗಳಿಂದ ಬೇರ್ಪಡಿಸುವ ಷರತ್ತೊಂದಿದೆ. ಸರ್ಕ್ಯೂಟಿನಲ್ಲಿ ಓಡುವ ರೇಸಿಂಗ್ ಕಾರನ್ನು ಲಾರಿಯಲ್ಲಿ ತಂದಿಳಿಸಿ, ಓಟ ಮುಗಿದ ಮೇಲೆ ಮತ್ತೆ ಲಾರಿಗೇರಿಸಿ ಒಯ್ಯುತ್ತಾರೆ. ರ್ಯಾಲಿಯ ಕಾರಾದರೋ ನೋಂದಣಿ ಫಲಕ, ವಿಮೆ, ಹೆಡ್‌ಲೈಟು, ಇಂಡಿಕೇಟರುಗಳ ಸಮೇತ ಸಾರ್ವಜನಿಕ ರಸ್ತೆಯಲ್ಲಿ ಬಸ್ಸು, ಆಟೋಗಳ ನಡುವೆ ಸಂಚಾರ ನಿಯಮ ಪಾಲಿಸುತ್ತ ಸಾಗಬೇಕು, ಜನಸಂಚಾರ ನಿಲ್ಲಿಸಿದ ‘ಸ್ಪೆಷಲ್ ಸ್ಟೇಜ್’ ಎಂಬ ಹಾದಿಗಳಲ್ಲಿ ಮಾತ್ರ ಸೆಕೆಂಡಿನ ಲೆಕ್ಕದಲ್ಲಿ ತನ್ನ ವೇಗವನ್ನು ತೋರಿಸಬೇಕು. ಆದ್ದರಿಂದ ಬೆಂಗಳೂರಿನ ಶ್ರೀನಗರದಲ್ಲೋ ಹನುಮಂತನಗರದಲ್ಲೋ ಮನೆಯೆದುರಿನ ಅಡ್ಡರಸ್ತೆಯಲ್ಲಿ ನಿಲ್ಲುವ ಕೆಎ-05 ಫಲಕದ ಸಣ್ಣ ಕಾರು ಕೂಡ, ನಿಯಮಗಳು ಕೇಳುವ ಸುರಕ್ಷಾ ಸಲಕರಣೆಗಳನ್ನು ಅಳವಡಿಸಿಕೊಂಡರೆ, ರ್ಯಾಲಿಗೆ ಇಳಿಯಬಲ್ಲದು. ಅದೇ ಹಾದಿಯಲ್ಲಿ ಕಾರ್ಖಾನೆಯ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಕಾರೂ ಓಡುತ್ತದೆ. ಈ ಎರಡೂ ಒಂದೇ ಪಂದ್ಯದಲ್ಲಿ ಅರ್ಥಪೂರ್ಣವಾಗಿ ಪಾಲ್ಗೊಳ್ಳಬೇಕಾದರೆ ಅವುಗಳನ್ನು ಬೇರೆ ಬೇರೆ ವರ್ಗಗಳಲ್ಲಿ ಇರಿಸಲೇಬೇಕು. ರ್ಯಾಲಿಯ ವರ್ಗ ನಿಯಮಗಳನ್ನು ಬರಿಯ ತಾಂತ್ರಿಕ ಪಟ್ಟಿಯೆಂದು ಓದುವವರಿಗೆ ಅವುಗಳ ಹಿಂದಿರುವ ಪ್ರಶ್ನೆ ಕಾಣುವುದಿಲ್ಲ. ಹಣವುಳ್ಳವನ ಜಾಣ್ಮೆಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕು, ಸಾಮಾನ್ಯ ಕಾರಿನವನಿಗೆ ಎಷ್ಟು ಜಾಗ ಉಳಿಸಬೇಕು ಎಂಬುದೇ ಆ ಪ್ರಶ್ನೆ. ಕರ್ನಾಟಕದ ರ್ಯಾಲಿಯ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಅದು ಬಹುಕಾಲ ಬದುಕಿದ್ದು ಈ ವರ್ಗಗಳ ತೀರ ಕೆಳಗಿನ ಮೆಟ್ಟಿಲುಗಳ ಮೇಲೆಯೇ ಎಂಬುದು ಸ್ಪಷ್ಟವಾಗುತ್ತದೆ.

ರ್ಯಾಲಿ ಹುಟ್ಟಿದ ಕಾಲಕ್ಕೆ ವರ್ಗಗಳ ಗೊಡವೆ ಹೆಚ್ಚಿಗೆ ಇರಲಿಲ್ಲ. 1911ರಲ್ಲಿ ಮೊದಲ ಮಾಂಟೆ ಕಾರ್ಲೊ ರ್ಯಾಲಿ ನಡೆದಾಗ ಯುರೋಪಿನ ಬೇರೆ ಬೇರೆ ನಗರಗಳಿಂದ ಚಳಿಗಾಲದ ಹಾದಿ ಹಿಡಿದು ಹೊರಟವರು ಮೊನಾಕೊ ತಲುಪಿದ ಮೇಲೆ ಅವರ ವಾಹನದ ಅಂದಚೆಂದ, ಪ್ರಯಾಣದ ಸೌಕರ್ಯಗಳನ್ನೂ ತೀರ್ಪುಗಾರರು ಪರಿಗಣಿಸುತ್ತಿದ್ದರು. ವೇಗವೇ ಮುಖ್ಯವಾದ ಮೇಲೆ, ಅಂದರೆ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ, ಯಾವ ಕಾರು ‘ರಸ್ತೆಯ ಕಾರು’, ಯಾವುದು ಅದರ ವೇಷ ತೊಟ್ಟ ರೇಸಿಂಗ್ ಯಂತ್ರ ಎಂದು ವಿಂಗಡಿಸುವುದು ಅನಿವಾರ್ಯವಾಯಿತು. ವಿಶ್ವದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ತನ್ನ ಕ್ರೀಡಾ ಸಂಹಿತೆಗೆ ‘ಅಪೆಂಡಿಕ್ಸ್ ಜೆ’ ಎಂಬ ಅನುಬಂಧವನ್ನು ಸೇರಿಸಿದ್ದು 1950ರ ದಶಕದಲ್ಲಿ. ರ್ಯಾಲಿ ಕಾರುಗಳ ಕುರಿತ ನಿಯಮಗಳೆಲ್ಲ ಇಂದಿಗೂ ಈ ಅನುಬಂಧದ ಸಂತಾನವೇ. 1966ರಲ್ಲಿ ಅದನ್ನು ಪರಿಷ್ಕರಿಸಿ ಸಂಖ್ಯೆಗಳ ಹೆಸರಿನ ಗುಂಪುಗಳನ್ನು ಮಾಡಲಾಯಿತು. ಹನ್ನೆರಡು ತಿಂಗಳಲ್ಲಿ 5,000 ಪ್ರತಿಗಳಾದರೂ ತಯಾರಾಗಿ, ಹೆಚ್ಚುಕಡಿಮೆ ಮಾರಾಟವಾದ ರೂಪದಲ್ಲೇ ಓಡುವ ಕಾರು ಗ್ರೂಪ್ 1ಕ್ಕೆ ಸೇರಿತು. 1,000 ಪ್ರತಿಗಳಾಗಿ, ಒಂದಿಷ್ಟು ಮಾರ್ಪಾಟು ಕಂಡದ್ದು ಗ್ರೂಪ್ 2ಕ್ಕೆ. 500 ಪ್ರತಿಗಳ ಗ್ರ್ಯಾಂಡ್ ಟೂರಿಂಗ್ ಕಾರು ಗ್ರೂಪ್ 3ಕ್ಕೆ. ಹೀಗೆ ಇಂತಿಷ್ಟು ಕಾರುಗಳು ಸಾರ್ವಜನಿಕರಿಗಾಗಿ ತಯಾರಾಗಿವೆ ಎಂದು ತಪಾಸಣೆ ಮಾಡಿ, ಆ ಮಾದರಿಯ ಪ್ರತಿಯೊಂದು ಮುಖ್ಯ ಭಾಗದ ಅಳತೆ, ತೂಕ, ಚಿತ್ರಗಳನ್ನು ದಾಖಲೆಪತ್ರಕ್ಕಿಳಿಸಿ, ಕ್ರೀಡೆಗೆ ಅರ್ಹವೆಂದು ಮುದ್ರೆಯೊತ್ತುವ ಕ್ರಮವನ್ನು ‘ಹೋಮೊಲೊಗೇಶನ್’ ಎನ್ನುತ್ತಾರೆ.

ಹೊಸ ಗುಂಪುಗಳು ಜಾರಿಗೆ ಬಂದ ಮೊದಲ ತಿಂಗಳಲ್ಲೇ ಅವುಗಳ ಬಿಗಿ ಎಷ್ಟೆಂಬುದು ಎಲ್ಲರಿಗೂ ತಿಳಿಯಿತು. 1966ರ ಮಾಂಟೆ ಕಾರ್ಲೊ ರ್ಯಾಲಿಯಲ್ಲಿ ಮೊದಲ ಮೂರು ಸ್ಥಾನ ಪಡೆದದ್ದು ಬ್ರಿಟನ್ನಿನ ಪುಟ್ಟ ಮಿನಿ ಕೂಪರುಗಳು. ನಾಲ್ಕನೆಯದು ಫೋರ್ಡ್ ಕಾರ್ಟಿನಾ. ಓಟದ ನಂತರ ಗಂಟೆಗಟ್ಟಲೆ ಪರೀಕ್ಷೆ ನಡೆಸಿದ ಅಧಿಕಾರಿಗಳು ಎಂಜಿನ್ನಿನಲ್ಲಿ ಯಾವ ದೋಷವನ್ನೂ ಕಾಣದೆ, ಕಡೆಗೆ ಹೆಡ್‌ಲೈಟಿನ ಬಲ್ಬುಗಳ ಮೇಲೆ ಬೆರಳಿಟ್ಟರು: ಮಾರಾಟದ ಕಾರಿನಲ್ಲಿ ಎರಡು ತಂತುಗಳ ಬಲ್ಬು ಇದ್ದು ಅದೇ ಡಿಪ್ ಆಗುತ್ತಿತ್ತು, ರ್ಯಾಲಿಯ ಕಾರಿನಲ್ಲಿ ಒಂದೇ ತಂತುವಿನ ಕ್ವಾರ್ಟ್ಜ್ ಬಲ್ಬು ಹಾಕಿ ಡಿಪ್ಪಿನ ಕೆಲಸವನ್ನು ಬೇರೆ ದೀಪಗಳಿಗೆ ವಹಿಸಲಾಗಿತ್ತು. ನಾಲ್ಕೂ ಕಾರುಗಳು ಅನರ್ಹಗೊಂಡು ಸಿಟ್ರೊಯೆನ್ ಓಡಿಸಿದ ಫಿನ್‌ಲೆಂಡಿನ ಪೌಲಿ ತೊಯ್ವೊನೆನ್ ವಿಜೇತರೆನಿಸಿದರು. ಈ ತೀರ್ಪಿನ ನ್ಯಾಯಾನ್ಯಾಯದ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತದೆ, ಮತ್ತು ಆ ತೀರ್ಪು ಅತಿ ಕಠೋರವಾಗಿತ್ತೆಂದು ಹೇಳಬೇಕಾಗುತ್ತದೆ. ಆದರೂ ‘ಮಾರಾಟವಾದ ರೂಪದಲ್ಲೇ’ ಎಂಬ ಎರಡು ಪದಗಳಿಗೆ ಬಲ್ಬಿನ ಒಳಗಿನ ತಂತಿಯವರೆಗೂ ಅಧಿಕಾರವಿದೆ ಎಂಬ ತತ್ವ ಅಲ್ಲಿ ಸ್ಥಾಪನೆಯಾಯಿತು.

1973ರಲ್ಲಿ ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್ ಆರಂಭವಾದ ಮೇಲೆ ತಯಾರಕರ ಪೈಪೋಟಿ ಹೆಚ್ಚಿತು, ಹೋಮೊಲೊಗೇಶನ್ನಿನ ಸಂಖ್ಯೆ ಕಡಿಮೆಯಿದ್ದಷ್ಟೂ ಕಾರಿನ ಕಲ್ಪನೆ ಧಾರಾಳವಾಗುತ್ತ ಹೋಯಿತು. ರ್ಯಾಲಿಗೆಂದೇ ಹುಟ್ಟಿದ ಲಾನ್ಸಿಯಾ ಸ್ಟ್ರಾಟೋಸ್ ಕೆಲವೇ ನೂರು ಪ್ರತಿಗಳ ಗ್ರೂಪ್ 4ರಲ್ಲಿ ಓಡಿ 1974ರಿಂದ ಸತತ ಮೂರು ವರ್ಷ ತಯಾರಕರ ಪ್ರಶಸ್ತಿಯನ್ನು ತಂದಿತು. 1982ರಲ್ಲಿ ಸಂಖ್ಯೆಗಳನ್ನು ಕೈಬಿಟ್ಟು ಎನ್, ಎ, ಬಿ ಎಂಬ ಮೂರು ಗುಂಪುಗಳನ್ನು ಮಾಡಿದಾಗ ಉದ್ದೇಶ ಸರಳೀಕರಣವಾಗಿತ್ತು. ಗ್ರೂಪ್ ಎನ್ ಎಂದರೆ ಮಾರುಕಟ್ಟೆಯ ಕಾರೇ. ಗ್ರೂಪ್ ಎ ಎಂದರೆ 5,000 ತಯಾರಾದ, ಆದರೆ ಒಳಗೆ ಗಣನೀಯವಾಗಿ ಬದಲಾಯಿಸಬಹುದಾದ ಕಾರು. ಗ್ರೂಪ್ ಬಿಗೆ 200 ಕಾರು ಸಾಕು, ಎರಡೇ ಆಸನವಿದ್ದರೂ ಸರಿ. ಜೊತೆಗೆ, ಆ 200ರಲ್ಲಿ ಒಂದನ್ನು ಆಧಾರವಾಗಿಟ್ಟುಕೊಂಡು ಇನ್ನಷ್ಟು ಸುಧಾರಿಸಿದ 20 ‘ವಿಕಾಸ’ ಮಾದರಿಗಳನ್ನು ಕಟ್ಟಿದರೆ ಅವೂ ಅರ್ಹವೆನಿಸುತ್ತಿದ್ದವು. ಈ ಇಪ್ಪತ್ತರ ರಿಯಾಯಿತಿಯೇ ಮುಂದಿನ ಎಲ್ಲ ಅನಾಹುತಕ್ಕೆ ಬಾಗಿಲು ತೆರೆಯಿತು.

ಗ್ರೂಪ್ ಬಿಯ ಒಳಗಿನ ಲೆಕ್ಕಾಚಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನಿಯಮವೊಂದು ಲೋಹವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಕಾರು ಕನಿಷ್ಠ ಎಷ್ಟು ತೂಗಬೇಕೆಂಬುದು ಅದರ ಎಂಜಿನ್ನಿನ ಗಾತ್ರದ ಮೇಲೆ ನಿರ್ಧಾರವಾಗುತ್ತಿತ್ತು: 2,500 ಸಿಸಿವರೆಗಿನ ಕಾರಿಗೆ 890 ಕಿಲೋ, 3,000 ಸಿಸಿವರೆಗಿನದಕ್ಕೆ 960 ಕಿಲೋ. ಸಿಸಿ ಎಂದರೆ ಸಿಲಿಂಡರುಗಳ ಒಳಗೆ ಪಿಸ್ಟನ್ನುಗಳು ಚಲಿಸುವ ಒಟ್ಟು ಅವಕಾಶ. ಟರ್ಬೊ ಎಂಬ ಸಾಧನ, ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದರಿಂದ, ಚಿಕ್ಕ ಎಂಜಿನ್ನು ದೊಡ್ಡದರಂತೆ ದುಡಿಯುತ್ತದೆ. ಆ ಅನುಕೂಲವನ್ನು ಸರಿದೂಗಿಸಲು ಟರ್ಬೊ ಎಂಜಿನ್ನಿನ ಗಾತ್ರವನ್ನು 1.4ರಿಂದ ಗುಣಿಸಿ ವರ್ಗ ನಿರ್ಣಯಿಸಲಾಗುತ್ತಿತ್ತು. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸಿ ರ್ಯಾಲಿಯ ದಿಕ್ಕನ್ನೇ ಬದಲಿಸಿದ ಆಡಿ ಕ್ವಾಟ್ರೊದ ಎಂಜಿನ್ನು 2,144 ಸಿಸಿ, ಗುಣಿಸಿದರೆ 3,001.6, ಅಂದರೆ ಮಿತಿಗಿಂತ ಒಂದೂವರೆ ಸಿಸಿಯಷ್ಟು ಹೆಚ್ಚು. ಸ್ಪೋರ್ಟ್ ಕ್ವಾಟ್ರೊ ಎಂಬ ಮುಂದಿನ ಮಾದರಿಯಲ್ಲಿ ಆಡಿ ಅದನ್ನು 2,133 ಸಿಸಿಗೆ ಇಳಿಸಿ 3,000ದ ಒಳಗೆ ತಂದಿತು. ಪ್ಯೂಜೊ 205 ಟಿ16ರ ಎಂಜಿನ್ನು 1,775 ಸಿಸಿ, ಗುಣಿಸಿದಾಗ 2,485. ಲಾನ್ಸಿಯಾ ಡೆಲ್ಟಾ ಎಸ್4ರದು 1,759, ಗುಣಿಸಿದಾಗ 2,463. ಎರಡೂ 2,500ರ ಗಡಿಯನ್ನು ಮುಟ್ಟುವಷ್ಟು ಸಮೀಪ ಬಂದು ನಿಂತಿವೆ, ಮತ್ತು ಎರಡಕ್ಕೂ 890 ಕಿಲೋ ಸಾಕಾಗಿತ್ತು. ಅಷ್ಟು ಹಗುರವಾದ ಕಾರಿನಲ್ಲಿ ನಾನೂರು ಅಶ್ವಶಕ್ತಿಗೂ ಮೀರಿದ ಎಂಜಿನ್ನು; ಸುತ್ತ ಬೇಲಿಯಿಲ್ಲದ ರಸ್ತೆ; ರಸ್ತೆಯ ಮೇಲೆಯೇ ನಿಂತು ಕಾರು ಬಂದಾಗ ಸರಿಯುವ ಪ್ರೇಕ್ಷಕರು.

1985ರ ಮೇ 2ರಂದು ಕಾರ್ಸಿಕಾ ದ್ವೀಪದ ರ್ಯಾಲಿಯಲ್ಲಿ ಇಟಲಿಯ ಅತ್ತಿಲಿಯೊ ಬೆತ್ತೆಗಾ ಸತ್ತರು. 1986ರ ಮಾರ್ಚಿನಲ್ಲಿ ಪೋರ್ಚುಗಲ್ ರ್ಯಾಲಿಯಲ್ಲಿ ಫೋರ್ಡ್ ಆರ್‌ಎಸ್200 ಕಾರು ಜನರ ನಡುವೆ ನುಗ್ಗಿ ಮೂವರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಮೇ 2ರಂದು, ಬೆತ್ತೆಗಾ ಸತ್ತು ಸರಿಯಾಗಿ ವರ್ಷ ತುಂಬಿದ ದಿನ, ಮತ್ತೆ ಕಾರ್ಸಿಕಾದಲ್ಲಿ, ಹೆನ್ರಿ ತೊಯ್ವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಇದ್ದ ಡೆಲ್ಟಾ ಎಸ್4 ಕಂದರಕ್ಕುರುಳಿ ಸುಟ್ಟುಹೋಯಿತು. ಇಪ್ಪತ್ತು ವರ್ಷಗಳ ಹಿಂದೆ ಬಲ್ಬಿನ ತಂತಿಯ ಕಾರಣಕ್ಕೆ ಗೆದ್ದ ಪೌಲಿ ತೊಯ್ವೊನೆನ್ ಅವರ ಮಗ ಈ ಹೆನ್ರಿ. ಒಂದು ತಂತಿಯನ್ನು ಸಹಿಸದಿದ್ದ ನಿಯಮವ್ಯವಸ್ಥೆ ಎರಡು ದಶಕಗಳಲ್ಲಿ ಇಂಥ ಯಂತ್ರಗಳಿಗೆ ಅನುಮತಿ ನೀಡುವಷ್ಟು ಸಡಿಲಗೊಂಡಿತ್ತು. ಎಫ್‌ಐಎ 1987ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೂಪ್ ಬಿಯನ್ನು ನಿಷೇಧಿಸಿತು, ಅದರ ಉತ್ತರಾಧಿಕಾರಿಯಾಗಿ ಯೋಜಿಸಿದ್ದ ಗ್ರೂಪ್ ಎಸ್ ಅನ್ನು ರದ್ದುಪಡಿಸಿತು, ಮತ್ತು ಸಾವಿರಾರು ಸಂಖ್ಯೆಯಲ್ಲಿ ತಯಾರಾಗುವ ಗ್ರೂಪ್ ಎ ಕಾರುಗಳನ್ನೇ ಮೇಲಿನ ಹಂತವೆಂದು ಸಾರಿತು. ಲಾನ್ಸಿಯಾ ಡೆಲ್ಟಾ ಆ ವರ್ಷದಿಂದ 1992ರವರೆಗೆ ಸತತ ಆರು ಬಾರಿ ತಯಾರಕರ ಪ್ರಶಸ್ತಿ ಗೆದ್ದಿತು; ಸುಬಾರು ಇಂಪ್ರೆಝಾ, ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಶನ್‌ನಂಥ ಕಾರುಗಳು ಅಂಗಡಿಗಳಲ್ಲಿ ಸಿಗುವಂತಾದದ್ದು ಈ ನಿಯಮದ ಫಲವೇ.

ಶಕ್ತಿಯನ್ನು ಹತೋಟಿಯಲ್ಲಿಡಲು ಈ ಕಾಲದಲ್ಲಿ ಬಳಕೆಗೆ ಬಂದ ಉಪಾಯ ‘ರೆಸ್ಟ್ರಿಕ್ಟರ್’: ಟರ್ಬೊಗೆ ಗಾಳಿ ಹೋಗುವ ದಾರಿಯಲ್ಲಿ ನಿಗದಿತ ವ್ಯಾಸದ ಉಂಗುರವೊಂದನ್ನು ಕೂರಿಸಿ ಮೊಹರು ಹಾಕಿದರೆ ಎಂಜಿನ್ನು ಎಷ್ಟೇ ಜೋರಾಗಿ ತಿರುಗಿದರೂ ಅದಕ್ಕಿಂತ ಹೆಚ್ಚು ಗಾಳಿ ಒಳಗೆ ಹೋಗದು. 1995ರಲ್ಲಿ ಈ ವ್ಯಾಸ 34 ಮಿಲಿಮೀಟರ್ ಆಯಿತು. ಅದೇ ವರ್ಷ ಸ್ಪೇನಿನ ಕ್ಯಾಟಲೋನಿಯಾ ರ್ಯಾಲಿಯಲ್ಲಿ ಟೊಯೊಟಾ ತಂಡದ ಟರ್ಬೊ, ಪೈಪನ್ನು ಬಿಗಿದಾಗ ಉಂಗುರದ ಪಕ್ಕದಿಂದ ಗಾಳಿ ಎಳೆದುಕೊಂಡು, ಪೈಪು ಬಿಚ್ಚಿದಾಗ ಆ ಸಂದನ್ನು ತಾನೇ ಮುಚ್ಚಿಕೊಳ್ಳುವಂತೆ ರಚನೆಗೊಂಡದ್ದು ಪತ್ತೆಯಾಗಿ, ತಂಡ ಹನ್ನೆರಡು ತಿಂಗಳ ನಿಷೇಧಕ್ಕೆ ಗುರಿಯಾಯಿತು.

ಯುರೋಪಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದ ಕಾಲಕ್ಕೆ ಭಾರತದಲ್ಲಿ ವರ್ಗೀಕರಿಸಲು ಕಾರುಗಳೇ ಇರಲಿಲ್ಲ ಎಂಬುದು ಅತಿಶಯೋಕ್ತಿಯಲ್ಲ. ಪರವಾನಗಿ ವ್ಯವಸ್ಥೆಯ ಆ ದಿನಗಳಲ್ಲಿ ಹಿಂದೂಸ್ತಾನ್ ಅಂಬಾಸಿಡರ್, 1974ರಿಂದ ಪ್ರೀಮಿಯರ್ ಪದ್ಮಿನಿ ಎಂದು ಕರೆಸಿಕೊಂಡ ಫಿಯೆಟ್ 1100, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರೇ ಹೆಸರುಗಳು. ಅವನ್ನು ಕೊಳ್ಳಲೂ ವರ್ಷಗಟ್ಟಲೆ ಕಾಯಬೇಕಿತ್ತು. ಆದರೂ ಬೆಂಗಳೂರಿನಲ್ಲಿ ರ್ಯಾಲಿ ಬೇರೂರಿತು. ಎಚ್‌ಎಎಲ್, ಎಚ್‌ಎಂಟಿ, 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೊ ಮೊದಲಾದ ಕಾರ್ಖಾನೆಗಳಿಂದಾಗಿ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆಯಬಲ್ಲ ಕೈಗಳು ನಗರದಲ್ಲಿ ಹೇರಳವಾಗಿದ್ದವು. ಟೌನ್‌ಹಾಲಿನ ಬಳಿಯ ಜೆ.ಸಿ. ರಸ್ತೆಯಲ್ಲಿ ಎಂಥ ಹಳೆಯ ಕಾರಿನ ಬಿಡಿಭಾಗವೂ ಸಿಗುತ್ತಿತ್ತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1970ರ ದಶಕದಲ್ಲಿ ಆರಂಭಿಸಿದ ‘ಕೆ-1000’, ಸಾವಿರ ಕಿಲೋಮೀಟರಿನ ಸ್ಪರ್ಧೆಯೆಂಬ ಹೆಸರನ್ನು ಹೊತ್ತು, ದೇಶದಲ್ಲಿ ಇಂದಿಗೂ ನಡೆಯುತ್ತಿರುವ ಹಳೆಯ ರ್ಯಾಲಿಗಳ ಸಾಲಿನಲ್ಲಿದೆ.

ಆ ಕಾಲದ ಭಾರತೀಯ ರ್ಯಾಲಿಗಳಲ್ಲಿ ಪ್ರಚಲಿತವಾಗಿದ್ದ ಟಿಎಸ್‌ಡಿ ಎಂಬ ಪ್ರಕಾರ, ಅಂದರೆ ಕಾಲ, ವೇಗ ಮತ್ತು ದೂರಗಳ ಲೆಕ್ಕಾಚಾರದ ಸ್ಪರ್ಧೆ, ವರ್ಗಗಳ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಪರಿಹರಿಸಿತ್ತು. ಆಯೋಜಕರು ಪ್ರತಿ ತುಣುಕಿಗೂ ಒಂದು ಸರಾಸರಿ ವೇಗವನ್ನು ನಿಗದಿಪಡಿಸುತ್ತಾರೆ; ‘ರೋಡ್ ಬುಕ್’ ಎಂಬ ಹೊತ್ತಗೆಯಲ್ಲಿ ಪ್ರತಿ ತಿರುವಿನ ರೇಖಾಚಿತ್ರ ಮತ್ತು ದೂರವಿರುತ್ತದೆ; ಗುಟ್ಟಾಗಿ ಇರಿಸಿದ ಚೆಕ್‌ಪೋಸ್ಟುಗಳಿಗೆ ಬೇಗ ಬಂದರೂ ತಡವಾಗಿ ಬಂದರೂ ದಂಡದ ಅಂಕ ಬೀಳುತ್ತದೆ. ಇಲ್ಲಿ ಅಶ್ವಶಕ್ತಿಗಿಂತ ಪಕ್ಕದಲ್ಲಿ ಕುಳಿತವನ ಲೆಕ್ಕವೇ ಹೆಚ್ಚು ಬೆಲೆಬಾಳುವುದರಿಂದ ಪದ್ಮಿನಿಯೂ ಅಂಬಾಸಿಡರೂ ಸಮಾನವಾಗಿ ಪೈಪೋಟಿ ನಡೆಸಬಹುದಾಗಿತ್ತು. ಹೊರದೇಶದ ನಿಜವಾದ ರ್ಯಾಲಿ ಕಾರುಗಳು ಭಾರತದ ನೆಲದಲ್ಲಿ ಓಡಿದ್ದನ್ನು ಇಲ್ಲಿನ ಚಾಲಕರು ಕಂಡದ್ದು 1980ರಲ್ಲಿ ಆರಂಭವಾದ ಹಿಮಾಲಯನ್ ರ್ಯಾಲಿಯಲ್ಲಿ. ತಮ್ಮ ಕಾರಿಗೂ ಆ ಕಾರುಗಳಿಗೂ ಇರುವ ಅಂತರ ಎಷ್ಟೆಂಬುದು ಅಲ್ಲಿ ಅವರಿಗೆ ಕಣ್ಣಾರೆ ತಿಳಿಯಿತು.

ವೇಗದ ರ್ಯಾಲಿ ಬೆಳೆಯಲು ಮುಚ್ಚಿದ ಹಾದಿ ಬೇಕು, ಮತ್ತು ಅದು ಕಾನೂನಿನ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. ಮಲೆನಾಡು ಮತ್ತು ಕೊಡಗುಗಳಿಗೆ ರ್ಯಾಲಿಯಲ್ಲಿ ಒದಗಿದ ಮಹತ್ವಕ್ಕೆ ಇದೇ ಕಾರಣ: ಅಲ್ಲಿನ ಕಾಫಿ ತೋಟಗಳ ಒಳಗೆ ಖಾಸಗಿ ಒಡೆತನದ ಮಣ್ಣಿನ ಹಾದಿಗಳಿದ್ದವು, ಮತ್ತು ಅವನ್ನು ಸ್ಪರ್ಧೆಗೆ ಬಿಟ್ಟುಕೊಡುವಷ್ಟು ಕ್ರೀಡೆಯ ಮೇಲೆ ಒಲವಿದ್ದ ಬೆಳೆಗಾರರಿದ್ದರು. ಟ್ರ್ಯಾಕ್ಟರು, ಜೀಪುಗಳು ಹೋಗಿಬರಲೆಂದು ಕಡಿದ ಈ ಹಾದಿಗಳ ಅಗಲ ಒಂದೇ ವಾಹನದಷ್ಟು. ಬದಿಯಲ್ಲಿ ಕಾಫಿ ಗಿಡ, ಅದರಾಚೆಗೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ. ಮೇಲೆ ನೆರಳಿದ್ದುದರಿಂದ ಮಳೆ ನಿಂತು ವಾರಗಳಾದರೂ ಕೆಲವು ತಿರುವುಗಳಲ್ಲಿ ಕೆಸರು ಆರದೆ ಉಳಿದಿರುತ್ತದೆ, ನೂರು ಗಜ ಮುಂದೆ ಕೆಮ್ಮಣ್ಣಿನ ಧೂಳು ಏಳುತ್ತದೆ. ಇಂಥ ಹಾದಿಯಲ್ಲಿ ನೇರ ರಸ್ತೆ ಅಪರೂಪವಾದ್ದರಿಂದ ಶಕ್ತಿ ಕಡಿಮೆಯಿರುವ ಕಾರಿಗೂ ಅವಕಾಶ ಉಳಿಯುತ್ತದೆ. ಕರ್ನಾಟಕದ ರ್ಯಾಲಿಯಲ್ಲಿ ಸಣ್ಣ ವರ್ಗದ ಕಾರುಗಳು ಇಷ್ಟು ಕಾಲ ಮಾನ ಉಳಿಸಿಕೊಂಡದ್ದರಲ್ಲಿ ಈ ಭೂಗುಣದ ಪಾಲು ನಿಯಮಪುಸ್ತಕದ ಪಾಲಿಗಿಂತ ಕಡಿಮೆಯದಲ್ಲ.

ಭಾರತದ ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಷಿಪ್ (ಐಎನ್‌ಆರ್‌ಸಿ) ಆರಂಭವಾದದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಮಾರುತಿಯ 796 ಸಿಸಿಯ ಪುಟ್ಟ ಕಾರು 1983ರ ಡಿಸೆಂಬರಿನಲ್ಲೂ, ನಾಲ್ಕು ಚಕ್ರಗಳ ಚಾಲನೆಯ ಜಿಪ್ಸಿ 1985ರಲ್ಲೂ ಬಂದಿದ್ದವು. 970 ಸಿಸಿಯ, ಲೀಫ್ ಸ್ಪ್ರಿಂಗುಗಳ ಮೇಲೆ ಕುಳಿತ ಜಿಪ್ಸಿಯನ್ನು ರ್ಯಾಲಿಗೆಂದು ಯಾರೂ ರೂಪಿಸಿರಲಿಲ್ಲ. ಆದರೆ ಹೊಡೆತ ತಡೆಯುವ ಚಾಸಿಸ್, ಸುಲಭವಾಗಿ ಸಿಗುವ ಬಿಡಿಭಾಗ, ಕೆಸರಿನಿಂದ ಎದ್ದುಬರುವ ಗುಣಗಳಿಂದಾಗಿ ಅದು ಭಾರತೀಯ ರ್ಯಾಲಿಯ ಬೆನ್ನೆಲುಬಾಯಿತು. 1996ರಲ್ಲಿ 1,298 ಸಿಸಿಯ ಎಂಜಿನ್ನು ಪಡೆದ ಮೇಲಂತೂ ಅದರ ಪ್ರತಾಪ ಹೆಚ್ಚಿತು. ಪೊಳ್ಳಾಚಿಯ ಎನ್. ಲೀಲಾಕೃಷ್ಣನ್, ಚಂಡೀಗಢದ ಹರಿ ಸಿಂಗ್ ಮುಂತಾದವರು ಹೆಸರು ಮಾಡಿದ ಆ ವರ್ಷಗಳಲ್ಲಿ ಎಂಆರ್‌ಎಫ್ ಮತ್ತು ಜೆಕೆ ಟೈರ್ ಕಂಪನಿಗಳ ಪೈಪೋಟಿಯೇ ಕ್ರೀಡೆಗೆ ಹಣ ತಂದಿತು. ದೇಶದ ಮೋಟಾರು ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅಂತರರಾಷ್ಟ್ರೀಯ ಚೌಕಟ್ಟನ್ನೇ ಅನುಸರಿಸಿ ಎಂಜಿನ್ನಿನ ಗಾತ್ರ ಮತ್ತು ಮಾರ್ಪಾಟಿನ ಪ್ರಮಾಣ ಎಂಬ ಎರಡು ಅಳತೆಗೋಲುಗಳ ಮೇಲೆ ವರ್ಗಗಳನ್ನು ಮಾಡಿತು. ಎಫ್‌ಐಎಯ ವಾಡಿಕೆಯ ಗಾತ್ರದ ಗಡಿಗಳು 1,400, 1,600 ಮತ್ತು 2,000 ಸಿಸಿ. ಗ್ರೂಪ್ ಎನ್ ಎಂಬ ಮಾರುಕಟ್ಟೆಯ ಕಾರಿನ ವರ್ಗವೇ ಇಲ್ಲಿ ಮುಖ್ಯ ವೇದಿಕೆಯಾಯಿತು. ಯುರೋಪಿನಲ್ಲಿ ಹೊಸಬರ ಪಾಠಶಾಲೆಯೆನಿಸಿದ್ದ ಗುಂಪು ಭಾರತದಲ್ಲಿ ಚಾಂಪಿಯನ್ನರ ಗುಂಪಾದದ್ದು ಬಡತನದ ಗುರುತೆಂದು ಹಲವರು ಭಾವಿಸಿದ್ದುಂಟು. ಚಾಲಕನ ಕೌಶಲ್ಯವೊಂದೇ ಎದ್ದು ಕಾಣುವ ವರ್ಗ ಅದೇ ಆಗಿತ್ತೆಂಬುದನ್ನೂ ಮರೆಯಲಾಗದು.

ಈ ವರ್ಗದಲ್ಲಿ ಎಂಜಿನ್ನಿನ ಒಳಭಾಗಗಳು ಕಾರ್ಖಾನೆಯಿಂದ ಬಂದಂತೆಯೇ ಇರಬೇಕು. ಕಾರು ಮಗುಚಿದಾಗ ಒಳಗಿರುವವರನ್ನು ಕಾಯುವ ಉಕ್ಕಿನ ಕೊಳವೆಗಳ ಪಂಜರವಾದ ರೋಲ್ ಕೇಜ್, ದೇಹವನ್ನು ಅಪ್ಪಿ ಹಿಡಿಯುವ ಆಸನ, ಬಹುಬಿಂದು ಬೆಲ್ಟು, ಬೆಂಕಿ ಆರಿಸುವ ಸಾಧನ ಕಡ್ಡಾಯ. ಹೊಟ್ಟೆಯ ಕೆಳಗೆ ಕಲ್ಲು ತಾಗದಂತೆ ಹಾಕುವ ರಕ್ಷಾಫಲಕಕ್ಕೂ ಗಟ್ಟಿಯಾದ ಶಾಕ್ ಅಬ್ಸಾರ್ಬರಿಗೂ ಅವಕಾಶವುಂಟು. ಗ್ರೂಪ್ ಎಯಲ್ಲಿ ಇನ್ನಷ್ಟು ಸಡಿಲಿಕೆ: ಕ್ಯಾಮ್‌ಶಾಫ್ಟ್ ಬದಲಿಸಬಹುದು, ಸಿಲಿಂಡರಿನ ವ್ಯಾಸವನ್ನು ಮೂಲಕ್ಕಿಂತ 0.6 ಮಿಲಿಮೀಟರಿನಷ್ಟು ರೀಬೋರ್ ಮಾಡಬಹುದು, ಆದರೆ ವರ್ಗದ ಗಡಿ ದಾಟಕೂಡದು. ಸ್ಪರ್ಧೆ ಮುಗಿದೊಡನೆ ಕಾರುಗಳು ಯಾರೂ ಮುಟ್ಟಬಾರದ ಆವರಣವನ್ನು ಸೇರುತ್ತವೆ; ಗೆದ್ದ ಕಾರಿನ ಸಿಲಿಂಡರ್ ಹೆಡ್ಡನ್ನು ಬಿಚ್ಚಿಸಿ ‘ಸ್ಕ್ರೂಟಿನೀರ್’ ಎನ್ನಲಾಗುವ ತಾಂತ್ರಿಕ ಪರಿವೀಕ್ಷಕರು ಬೋರ್ ಗೇಜಿನಿಂದ ವ್ಯಾಸವನ್ನು ಅಳೆಯುತ್ತಾರೆ. 1994ರಲ್ಲಿ ಬಂದು ರ್ಯಾಲಿಯಲ್ಲಿ ಬಹುಕಾಲ ಓಡಿದ ಮಾರುತಿ ಎಸ್ಟೀಮ್‌ನ ಎಂಜಿನ್ನಿನಲ್ಲಿ ವ್ಯಾಸ 74 ಮಿಲಿಮೀಟರ್, ಪಿಸ್ಟನ್ನಿನ ನಡೆ 75.5 ಮಿಲಿಮೀಟರ್, ಸಿಲಿಂಡರು ನಾಲ್ಕು. ಲೆಕ್ಕ ಹಾಕಿದರೆ 1,298 ಸಿಸಿ ಚಿಲ್ಲರೆ ಬರುತ್ತದೆ. ವ್ಯಾಸವನ್ನು 74.6ಕ್ಕೆ ಏರಿಸಿದರೆ ಅದು ಸುಮಾರು 1,320 ಆಗುತ್ತದೆ. 1,400ರ ಗಡಿಗೆ ಇನ್ನೂ ಬೇಕಾದಷ್ಟು ದೂರವಿದೆ, ಆದ್ದರಿಂದ ಗ್ರೂಪ್ ಎಯಲ್ಲಿ ಅದು ನಿರ್ದೋಷಿ. ಎಂಜಿನ್ನನ್ನು ಕಾರ್ಖಾನೆಯ ಸ್ಥಿತಿಯಲ್ಲೇ ಬಯಸುವ ವರ್ಗದಲ್ಲಿ ಪ್ರಶ್ನೆಯೇ ಬೇರೆ. ಗಾತ್ರದ ಗಡಿ ಒಂದು ಬೇಲಿ, ಮಾರ್ಪಾಟಿನ ಗಡಿ ಅದರೊಳಗಿನ ಇನ್ನೊಂದು ಬೇಲಿ ಎಂಬುದನ್ನು ಹೊಸಬರು ಕಲಿಯುವುದು ಇಂಥ ಅಳತೆಗಳಿಂದಲೇ.

ಹೊಸ ಶತಮಾನದಲ್ಲಿ ಮಾರುಕಟ್ಟೆ ತೆರೆದುಕೊಂಡಂತೆ ವರ್ಗಗಳಿಗೂ ಜೀವ ಬಂತು. ಫೋರ್ಡ್ ಐಕಾನ್, ಹೋಂಡಾ ಸಿಟಿ, ಮಾರುತಿ ಬಲೆನೊ 1,600ರ ವರ್ಗವನ್ನು ತುಂಬಿದವು. 2006ರಲ್ಲಿ ಬಂದ ಎರಡು ಲೀಟರಿನ ಮಿತ್ಸುಬಿಷಿ ಸೀಡಿಯಾ ಕೆಲವು ವರ್ಷ ಮೇಲಿನ ವರ್ಗವನ್ನು ಆಳಿತು. ಆದರೆ ಹೊರಗಿನ ಜಗತ್ತು ಆ ವೇಳೆಗೆ ಇನ್ನೊಂದು ಹೊರಳನ್ನು ಕಂಡಿತ್ತು. 1997ರಿಂದ ವಿಶ್ವ ಮಟ್ಟದಲ್ಲಿ ‘ವರ್ಲ್ಡ್ ರ್ಯಾಲಿ ಕಾರ್’ ಎಂಬ ವರ್ಗ ಬಂದು, ಅದೇ ರೂಪದ ಸಾವಿರಾರು ಕಾರುಗಳನ್ನು ಮಾರುವ ಹಂಗಿನಿಂದ ತಯಾರಕರನ್ನು ಬಿಡುಗಡೆ ಮಾಡಿತು. ಸಾಮಾನ್ಯ ಕುಟುಂಬದ ಕಾರಿನ ಚಿಪ್ಪಿನೊಳಗೆ ಟರ್ಬೊ ಮತ್ತು ನಾಲ್ಕು ಚಕ್ರಗಳ ಚಾಲನೆಯನ್ನು ಕೂರಿಸಿದರೆ ಸಾಕಾಯಿತು. ಜಪಾನಿನ ಲ್ಯಾನ್ಸರ್ ಇವೊಲ್ಯೂಶನ್‌ಗೂ ಭಾರತದಲ್ಲಿ ಮುಂದಿನ ಚಕ್ರಗಳಿಂದಷ್ಟೇ ಚಲಿಸುತ್ತಿದ್ದ ಲ್ಯಾನ್ಸರಿಗೂ ಹೆಸರು ಒಂದೇ ಆದರೂ, ಅವುಗಳ ನಡುವಿನ ಅಂತರ ಎರಡು ಲೋಕಗಳ ಅಂತರವಾಗಿತ್ತು.

ಆ ಎರಡು ಲೋಕಗಳು ಕರ್ನಾಟಕದ ಮಣ್ಣಿನಲ್ಲಿ ಸಂಧಿಸಿದ್ದು ಚಿಕ್ಕಮಗಳೂರಿನಲ್ಲಿ. 2015ರಿಂದ ಕೆಲವು ವರ್ಷ ಏಷ್ಯಾ-ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಅಲ್ಲಿನ ತೋಟಗಳಲ್ಲಿ ನಡೆಯಿತು, ಮತ್ತು ‘ಆರ್5’ ಎಂಬ ವರ್ಗದ ಸ್ಕೋಡಾ ಫಾಬಿಯಾ ಕಾರುಗಳು ಕಾಫಿ ಗಿಡಗಳ ನಡುವೆ ಓಡಿದವು. ಎಫ್‌ಐಎ 2012ರ ಸುಮಾರಿಗೆ ರೂಪಿಸಿದ ಈ ವರ್ಗದ ಕಾರು 1.6 ಲೀಟರಿನ ಟರ್ಬೊ ಎಂಜಿನ್, 32 ಮಿಲಿಮೀಟರಿನ ರೆಸ್ಟ್ರಿಕ್ಟರ್, ನಾಲ್ಕು ಚಕ್ರಗಳ ಚಾಲನೆ ಹೊಂದಿರುತ್ತದೆ. ಖಾಸಗಿ ತಂಡಗಳು ಕೊಂಡುಕೊಳ್ಳುವಂತೆ ಬೆಲೆಗೂ ಮಿತಿ ಹಾಕುವುದು ಅದರ ವಿಶೇಷ. ಎಂಆರ್‌ಎಫ್ ತಂಡದ ಗೌರವ್ ಗಿಲ್ 2013ರಲ್ಲಿ ಆರ್5ಕ್ಕೆ ಮುಂಚಿನ ಸೂಪರ್ 2000 ವರ್ಗದ ಫಾಬಿಯಾದಲ್ಲೂ 2017ರಲ್ಲಿ ಆರ್5 ಫಾಬಿಯಾದಲ್ಲೂ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಗೆದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು ಅವರೇ. ಅದೇ ತೋಟಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತುಗಳೂ ನಡೆಯುತ್ತಿದ್ದವು, ಅಲ್ಲಿ ಅದೇ ಗಿಲ್ ಅವರು ಮಹೀಂದ್ರದ ಎಕ್ಸ್‌ಯುವಿ500 ಓಡಿಸುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು ತಿರುವುಗಳ ವಿವರವನ್ನು ‘ಪೇಸ್ ನೋಟ್’ ಎಂಬ ಸಂಕೇತಗಳಲ್ಲಿ ಓದಿ ಹೇಳುತ್ತಿದ್ದವರು ಕಾಸರಗೋಡಿನ ಮೂಸಾ ಶರೀಫ್. ಭಾರತದ ಅತ್ಯಂತ ಅನುಭವಿ ಸಹಚಾಲಕರಲ್ಲಿ ಒಬ್ಬರಾದ ಅವರು ಜಿಪ್ಸಿಯ ಕಾಲದಿಂದ ಇಲ್ಲಿಯವರೆಗಿನ ವರ್ಗಬದಲಾವಣೆಗಳನ್ನೆಲ್ಲ ಕಾರಿನ ಒಳಗಿನಿಂದಲೇ ಕಂಡವರು. ಬೆಂಗಳೂರಿನ ಕರ್ಣ ಕಡೂರ್ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕನ್ನಡ ನಾಡಿನ ಚಾಲಕರಲ್ಲಿ ಪ್ರಮುಖರು; ಅವರ ಕಾಲದ ಬಹುಮುಖ್ಯ ಕಾರು ಫೋಕ್ಸ್‌ವ್ಯಾಗನ್ ಪೋಲೊ.

ಈಗಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಒಟ್ಟಾರೆ ಪ್ರಶಸ್ತಿಯ ಜೊತೆಗೆ ಐಎನ್‌ಆರ್‌ಸಿ 2, 3, 4 ಎಂಬ ಇಳಿಕೆಯ ಕ್ರಮದ ವರ್ಗಗಳಿವೆ, ಕಿರಿಯರಿಗೊಂದು ಪ್ರಶಸ್ತಿಯಿದೆ, ಜಿಪ್ಸಿಗಳಿಗೆಂದೇ ಪ್ರತ್ಯೇಕ ಪೈಪೋಟಿಯಿದೆ. ಖಾಸಗಿ ಗ್ರಾಹಕರಿಗೆ ಜಿಪ್ಸಿಯ ಮಾರಾಟ ನಿಂತು ವರ್ಷಗಳಾದರೂ ಅದಕ್ಕಾಗಿ ಒಂದು ವರ್ಗವನ್ನು ಕಾದಿಟ್ಟಿರುವುದು ಒಕ್ಕೂಟ ಕೈಗೊಂಡ ವಿವೇಕದ ನಿರ್ಧಾರಗಳಲ್ಲೊಂದು. ಕೊಡಗಿನ ಅದೆಷ್ಟೋ ತೋಟದ ಮನೆಗಳ ಶೆಡ್ಡಿನಲ್ಲಿರುವ ವಾಹನಕ್ಕೆ ರಾಷ್ಟ್ರಮಟ್ಟದ ಹಾದಿ ತೆರೆದಿರುವುದು ಅದರಿಂದಾಗಿಯೇ.

ನಿಯಮಗಳ ಇನ್ನೊಂದು ಅರ್ಧ ಕಾರಿನ ಹೊರಗಿನದು, ಮತ್ತು ಅದರ ಬೆಲೆ ದೇಶಕ್ಕೆ ತಿಳಿದದ್ದು ದುಃಖದಿಂದ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ನಡೆದ ರಾಷ್ಟ್ರೀಯ ಸುತ್ತಿನಲ್ಲಿ, ಸ್ಪರ್ಧೆಗೆಂದು ಮುಚ್ಚಿದ್ದ ಹಾದಿಗೆ ಬಂದ ಬೈಕಿಗೆ ರ್ಯಾಲಿ ಕಾರು ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಸಿಲಿಂಡರಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಅಳೆಯುವ ಕ್ರೀಡೆಗೆ ಹಾದಿಯ ಪ್ರತಿಯೊಂದು ಕಾಲುದಾರಿಯ ಬಾಯಲ್ಲೂ ಕಾವಲು ನಿಲ್ಲಿಸುವ ಹೊಣೆ ಅದಕ್ಕಿಂತ ದೊಡ್ಡದು. ಸುತ್ತಲೂ ಬೇಲಿ, ಗೇಟುಗಳಿರುವ ಕಾಫಿ ತೋಟದ ಹಾದಿಗಳು ಈ ದೃಷ್ಟಿಯಿಂದ ತೆರೆದ ಬಯಲಿಗಿಂತ ಕಾಯಲು ಸುಲಭ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಹಳೆಯ ಅಕ್ಷರಗಳೆಲ್ಲ ಈಗ ಮರೆಯಾಗಿ, ರ್ಯಾಲಿ1ರಿಂದ ರ್ಯಾಲಿ5ರವರೆಗಿನ ಗೋಪುರಾಕಾರದ ವ್ಯವಸ್ಥೆ ಬಂದಿದೆ. ರ್ಯಾಲಿ1 ವಿಶ್ವ ಮಟ್ಟದ ತಯಾರಕರದು. ಆರ್5 ಎಂಬ ವರ್ಗ ರ್ಯಾಲಿ2 ಆಗಿದೆ. ರ್ಯಾಲಿ3 ನಾಲ್ಕು ಚಕ್ರಗಳ ಚಾಲನೆಯ ಅಗ್ಗದ ಹಂತ. 4 ಮತ್ತು 5 ಎರಡು ಚಕ್ರಗಳ ಚಾಲನೆಯ ಸಣ್ಣ ಕಾರುಗಳವು. ಆದರೆ ಇವೆಲ್ಲ ಹೊರದೇಶದ ತಯಾರಕರು ಹೋಮೊಲೊಗೇಶನ್ ಮಾಡಿಸಿ ಮಾರುವ ಸಿದ್ಧ ಕಾರುಗಳು. ಆಮದು ಸುಂಕ ಕಟ್ಟಿ ತರಿಸಿದರೆ ಕೆಳಗಿನ ಹಂತವೂ ಇಲ್ಲಿನ ಖಾಸಗಿ ಚಾಲಕನ ಕೈಗೆ ಎಟುಕುವುದಿಲ್ಲ. ಭಾರತದಲ್ಲಿ ತಯಾರಾಗುವ ಕಾರುಗಳ ಪೈಕಿ ವರ್ಗಗಳನ್ನು ತುಂಬುತ್ತಿದ್ದ ಪೋಲೊ 2022ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಅದರ ಕೊನೆಯ ವರ್ಷಗಳ 999 ಸಿಸಿ ಟರ್ಬೊ ಎಂಜಿನ್ನನ್ನು ಎಫ್‌ಐಎಯ ಇಂದಿನ 1.7ರ ಗುಣಾಂಕದಿಂದ ಗುಣಿಸಿದರೆ ಬರುವುದು 1,698. ಎಂದರೆ ಮನೆಯ ಮುಂದೆ ಒಂದು ಲೀಟರಿನ ಪುಟ್ಟ ಕಾರಾಗಿ ನಿಂತದ್ದು ರ್ಯಾಲಿಯ ಲೆಕ್ಕದಲ್ಲಿ 1,600ರ ವರ್ಗವನ್ನೂ ದಾಟಿ ಎರಡು ಲೀಟರಿನ ಕಾರುಗಳ ಜೊತೆ ಸೇರುತ್ತದೆ. ಜೆ.ಸಿ. ರಸ್ತೆಯಲ್ಲಿ ಹಳೆಯ ಪೋಲೊ, ಎಸ್ಟೀಮ್‌ಗಳ ಬಿಡಿಭಾಗ ಸಿಗುವಷ್ಟು ಕಾಲ ಈಗಿನ ವರ್ಗಗಳು ನಡೆಯುತ್ತವೆ. ಆಮೇಲೆ ಷೋರೂಮುಗಳಲ್ಲಿ ಇಂದು ಸಿಗುವ ಸಣ್ಣ ಟರ್ಬೊ ಕಾರುಗಳಿಗೆ ಯಾವ ಗುಣಾಂಕ, ಯಾವ ವ್ಯಾಸದ ರೆಸ್ಟ್ರಿಕ್ಟರು, ಯಾವ ತೂಕ ಎಂಬುದನ್ನು ಒಕ್ಕೂಟದ ತಾಂತ್ರಿಕ ಸಮಿತಿ ಬರೆಯಲೇಬೇಕಾಗುತ್ತದೆ.